ತಲೆಗಂದಾಯ

ಜೂನ್ ಮೂವತ್ತು. ಬ್ಯಾಲರಾಟ್‌ನಲ್ಲಿ ಬೆಳಗಿನ ಆರೂವರೆ.
ಕಾರಿನ ಗಾಜಿನ ಮೇಲೆ ಕಟ್ಟಿದ ಹಿಮವನ್ನು
ಲೈಬ್ರರಿ ಕಾರ್ಡಿನಿಂದ ಕೆರೆದು ಆಸ್ಪತ್ರೆಗೆ ಬಂದೆ.
ಇವತ್ತು ಲೆಕ್ಕ ಮುಗಿಯಬೇಕು.

ಹದಿನಾಲ್ಕು ವರ್ಷದಿಂದ ಇದೇ ಕೆಲಸ:
ಯಾರ ಮೇಜಿಗೆ ಯಾವ ಸಾಫ್ಟ್‌ವೇರ್, ಎಷ್ಟು, ಯಾವ ಕರಾರಿನಡಿ.

ಮೊದಲು ಕ್ರಯಕ್ಕೆ ಕೊಡುತ್ತಿದ್ದರು. ಪೆಟ್ಟಿಗೆ, ಡಿಸ್ಕು, ಮಿರುಗುವ ಚೀಟಿ;
ಕಪಾಟಿಗಿಟ್ಟು ಬೀಗ ಜಡಿದರೆ ನಮ್ಮದು.
ಆಮೇಲೆ ಗೇಣಿ. ಕೊಟ್ಟರೆ ಉಂಟು, ತಪ್ಪಿದರೆ ಒಕ್ಕಲೆಬ್ಬಿಸುತ್ತಾರೆ.
ಯಂತ್ರಕ್ಕೆ ಇಷ್ಟು ಅಂದರು, ಯಂತ್ರ ಎಣಿಸಿದೆ.
ಯಂತ್ರವಲ್ಲ, ಅದರೊಳಗಿನ ಕೋರ್ ಅಂದರು,
ಮುಚ್ಚಳ ತೆಗೆಯದೆ ಅದನ್ನೂ ಎಣಿಸಿದೆ.
ಎಂಟೇ ಇದ್ದರೂ ಹದಿನಾರು ಅಂತ ಬರೆಯಬೇಕಂತೆ, ಬರೆದೆ.
ಸೇರು ಬದಲಾದರೆ ಅಕ್ಕಿ ಬದಲಾಗದು ಎಂದು ನಂಬಿದ್ದೆ.
ಬದಲಾಗುತ್ತದೆ.

ಈ ಸಲ ತಲೆಗಂದಾಯ.
ಪುಟ ನಲವತ್ತು, ಅಡಿಟಿಪ್ಪಣಿ ಹನ್ನೊಂದು:
ಬಳಕೆದಾರ ಎಂದರೆ ಒಬ್ಬ ಮನುಷ್ಯ.
ಇಷ್ಟು ಹೇಳಲು ಅವರಿಗೆ ಇಪ್ಪತ್ತೆರಡು ವರ್ಷ ಹಿಡಿಯಿತು.

ಮಾರಾಟದ ಹುಡುಗ ಲಾಕ್ಲನ್ ಫೋನಿನಲ್ಲಿ ಕೇಳಿದ:
"ಕಿಚನ್ ಒಂದು ಅಂತ ಒಬ್ಬರಿದ್ದಾರಲ್ಲ, ಯಾರು?
ಬೆಳಗಿನ ಐದಕ್ಕೇ ಬರುತ್ತಾರೆ, ರಾತ್ರಿ ಹನ್ನೊಂದಕ್ಕೂ ಇರುತ್ತಾರೆ,
ಆರು ವರ್ಷದಲ್ಲಿ ಒಂದು ದಿನ ರಜೆ ಹಾಕಿಲ್ಲ."
ತಮಾಷೆಯಲ್ಲ, ಅವನಿಗೆ ನಿಜಕ್ಕೂ ಗೊತ್ತಿಲ್ಲ.
ವಿಚಾರಿಸಿ ಹೇಳುತ್ತೇನೆ ಅಂದೆ, ಗೊತ್ತಿದ್ದೂ.

ನೆಲಮಾಳಿಗೆಗೆ ಇಳಿದದ್ದು ಇದು ಮೂರನೆಯ ಸಲವೇನೋ.
ಕುಂಬಳಕಾಯಿ ಸೂಪಿನ ಹಬೆ. ಗೋಡೆಗೊಂದು ಟ್ಯಾಬ್ಲೆಟ್,
ಗಾಜಿನ ತುಂಬ ಹಿಟ್ಟಿನ ಬೆರಳು. ಇದೇ ಕಿಚನ್ ಒಂದು.
ಫ್ರಿಜ್ಜಿನ ಶಾಖ, ಯಾವ ವಾರ್ಡಿಗೆ ಉಪ್ಪಿಲ್ಲ, ಯಾರಿಗೆ ಕಡಲೆಕಾಯಿ ಆಗದು,
ಎಲ್ಲ ಇದರಲ್ಲೇ. ಎಲ್ಲರೂ ಇದರಲ್ಲೇ.

ಹೆಸರು ಕೇಳುತ್ತ ಹೋದೆ.
ಬೊಝೆನಾ. ಆಮೇಲೆ ತವಿತಾ, ಸಮೋವಾದವನು, ಆರಡಿ ಆಳು;
ಕವಿತಾ ಸವಿತಾರ ನಡುವೆ ಅವನನ್ನು ಕೂರಿಸಿ ಒಳಗೇ ನಕ್ಕೆ.
ಙುಯೆನ್ ಥಿ ಹಾನ್: ಯಾವುದು ಹೆಸರು, ಯಾವುದು ಮನೆತನ
ಎಂದು ನಾನು ತಡವರಿಸಿದರೆ
"ನಿಮ್ಮದೂ ಹಾಗೇ ಅಲ್ಲವೇ?" ಅಂದಳು.
ಹೌದು. ಇಲ್ಲಿನ ಫಾರಂಗಳಲ್ಲಿ
ನನ್ನ ಊರೇ ನನ್ನ ಮೊದಲ ಹೆಸರು.
ಪಾತ್ರೆ ತೊಳೆಯುವ ಮೂಲೆಯಿಂದ ಮಿಸೆಸ್ ಕಡ್ಮೋರ್ ಕೂಗಿದಳು:
"ನಾನದನ್ನ ಮುಟ್ಟೋದೇ ಇಲ್ಲ. ಆದರೂ ಬರ್ಕೋ."
ಬರೆದುಕೊಂಡೆ. ಲಿಫ್ಟಿನಲ್ಲಿ ಹೊಡೆದುಹಾಕಿದೆ.
ಮುಟ್ಟದವರನ್ನು ಎಣಿಸುವಂತಿಲ್ಲ.

ಹತ್ತೊಂಬತ್ತು ತಲೆ.
ತಲೆಗೆ ತಿಂಗಳಿಗೆ ಹನ್ನೊಂದು ಡಾಲರ್ ಎಪ್ಪತ್ತು ಸೆಂಟ್.
ಫೈನಾನ್ಸಿನ ಪ್ರೂಡೆನ್ಸ್ ಹ್ಯಾಲೆಟ್ ಕನ್ನಡಕದ ಮೇಲಿಂದ ನೋಡಿ
"ಒಂದಿತ್ತಲ್ಲ?" ಅಂದಳು.
ಒಂದಿತ್ತು.
"ಮತ್ತೆ ಹತ್ತೊಂಬತ್ತು ಹೇಗಾಯಿತು?"
ಮೊದಲಿನಿಂದಲೂ ಹತ್ತೊಂಬತ್ತೇ ಇದ್ದರು
ಎಂಬ ಮಾತು ನಾಲಗೆಯ ತನಕ ಬಂತು.
ನಿಯಮ ಬದಲಾಗಿದೆ ಎಂದೆ.
ಕಡತಕ್ಕೆ ಸಲ್ಲುವ ಉತ್ತರ ಅದು.

ಸಂಜೆ ಟ್ಯಾಬ್ಲೆಟ್ ಗೋಡೆಯಿಂದ ಇಳಿಯಿತು. ಉಳಿದದ್ದು ನಾಲ್ಕು ತೂತು.
ಒಂದು ತೂತಿಗೆ ಮೊಳೆ, ಮೊಳೆಗೆ ಗೆರೆ ಎಳೆದ ಪುಸ್ತಕ,
ದಾರದ ತುದಿಗೆ ಪೆನ್ಸಿಲು.
ರಾತ್ರಿ ಹನ್ನೊಂದೂ ಐವತ್ತಕ್ಕೆ ಲೆಕ್ಕ ಕಳಿಸಿ
ಕಿಚನ್ ಒಂದನ್ನು ಅಳಿಸಲು ಹೋದೆ.
ಖಚಿತವೇ? ಅಂತ ಕೇಳಿತು ಪರದೆ.
ಆರು ವರ್ಷ ರಜೆ ಹಾಕದವರು. ಒತ್ತಿದೆ.

ಜುಲೈ ಎರಡಕ್ಕೆ ಹೊಸ ಷರತ್ತುಗಳ ಪತ್ರ ಬಂತು, ಎಪ್ಪತ್ತೊಂದು ಪುಟ.
ಅದನ್ನು ತೆರೆಯದೆ ಕೆಳಗಿಳಿದೆ, ನಾಲ್ಕನೆಯ ಸಲ, ಕೆಲಸವಿಲ್ಲದೆ.
ಪುಸ್ತಕದಲ್ಲಿ ಐದಾರು ಬಗೆಯ ಕೈಬರಹ.
ಎಲ್ಲಕ್ಕಿಂತ ಕೆಳಗೆ, ಪೆನ್ಸಿಲು ಒತ್ತಿ ಹಿಡಿದು,
ಗೆರೆ ಮೀರಿದ ದಪ್ಪ ಅಕ್ಷರ:
ಫ್ರಿಜ್ ಮೂರು. ನಾಲ್ಕು ಡಿಗ್ರಿ.
ನಾನೇ ನೋಡಿದೆ. ಕಡ್ಮೋರ್.